ಸಕಲೇಶಪುರಕ್ಕೆ ನಲವತ್ತು ದೋಣಿ

ಹೋದ ತಿಂಗಳು ಸಕಲೇಶಪುರಕ್ಕೆ ಹೋಗಿದ್ದೆ. ಚಿಕ್ಕಪ್ಪನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಮೂಗಿಗೆ ಬಂತು. ಒದ್ದೆ ಗೋಣಿಚೀಲದ್ದು, ಬಿಸಿಯಾದ ಪ್ಲಾಸ್ಟಿಕ್ಕಿನದು, ಅದರ ಮೇಲೆ ಚಿಕ್ಕಪ್ಪ ಬೆಳಿಗ್ಗೆ ಹಚ್ಚಿದ ಊದುಬತ್ತಿಯದು. ಯಾರೋ ಟೀವಿಗೆ ಹಾಕಿ ಆಡುವ ತಮ್ಮ ಗೇಮ್ ಬಾಕ್ಸನ್ನು ಕಾಫಿ ಚೀಲದಲ್ಲಿ ಸುತ್ತಿ ರಿಪೇರಿಗೆ ತಂದಿದ್ದರು. ನಾನು ಕೊಡೆ ಮಡಚುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಸುಮಾರು ಒಂದು ತಿಂಗಳು ಈ ಅಂಗಡಿಯಲ್ಲಿ ಇದೇ ವಾಸನೆ ತುಂಬಿಕೊಂಡಿತ್ತು.

ಆಗ ನನ್ನ ಗಂಡ ಆಲೂರಿನಲ್ಲಿ ಹೈಸ್ಕೂಲು ಮೇಷ್ಟ್ರು, ಇನ್ನೂ ವರ್ಗವಾಗಿರಲಿಲ್ಲ. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಸಕಲೇಶಪುರಕ್ಕೆ ಬರುತ್ತಿದ್ದೆ. ಅಂಗಡಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಶುರು ಮಾಡಿದ್ದು. ಮೊದಲು ರೇಡಿಯೋ ರಿಪೇರಿ, ಆಮೇಲೆ ಟೀವಿ, ಆಮೇಲೆ ಮಿಕ್ಸಿ, ಮೊಬೈಲು. ಅಪ್ಪ ತೀರಿಕೊಂಡ ಮೇಲೆ ಅವರ ಕುರ್ಚಿಗೆ ನಾನು ಬಂದೆ. ಬಂದ ಮೇಲೆ ಎಡಗಡೆ ಗೋಡೆಯ ಎರಡು ಶೆಲ್ಫಿನಲ್ಲಿ ವಿಡಿಯೋ ಗೇಮ್ ಇಡಲು ಶುರು ಮಾಡಿದೆ. ಸಕಲೇಶಪುರದಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಅಂತ ಎಲ್ಲರೂ ಕೇಳಿದರು. ಎಸ್ಟೇಟ್ ಮನೆಯವರು ಕೊಂಡರು, ಹೋಂಸ್ಟೇ ನಡೆಸುವವರು ಕೊಂಡರು. ವರ್ಷಕ್ಕೆ ಮೂರು ತಿಂಗಳು ಮಳೆ ಹಿಡಿದು ಕೂರುವ ಊರಿನಲ್ಲಿ ಮನೆಯೊಳಗೆ ಮಾಡುವುದಕ್ಕೆ ಏನಾದರೂ ಬೇಕಲ್ಲ.

ಅದರಲ್ಲೂ ಒಂದು ಆಟ ನಮ್ಮ ಕಡೆ ತುಂಬ ಓಡಿತು. ಅದರ ಹೆಸರು ಉದ್ದನೆಯ ಇಂಗ್ಲಿಷಿನದು, ಯಾರ ನಾಲಗೆಗೂ ಹೊಂದಲಿಲ್ಲ. ಎಲ್ಲರೂ ದೋಣಿ ಆಟ ಅಂತಿದ್ದರು. ಸಮುದ್ರದ ನಡುವೆ ಚಿಕ್ಕಚಿಕ್ಕ ದ್ವೀಪಗಳು; ಒಂದು ದೋಣಿಯಲ್ಲಿ ಟಪಾಲು ತುಂಬಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗಿ ಕಾಗದ ಹಂಚಬೇಕು. ಹೊಡೆದಾಟ ಇಲ್ಲ, ಗುಂಡಿನ ಸದ್ದಿಲ್ಲ. ಒಂದೇ ಟೀವಿಯ ಮುಂದೆ ಇಬ್ಬರು ಕೂತು ಆಡಬಹುದು. ಒಬ್ಬರು ದೋಣಿ ನಡೆಸಿದರೆ ಇನ್ನೊಬ್ಬರು ದಡಕ್ಕಿಳಿದು ಮನೆ ಹುಡುಕಿ ಕಾಗದ ಕೊಡುತ್ತಾರೆ. ಸಮುದ್ರ ಕಾಣಬೇಕಾದರೆ ಘಾಟಿ ಇಳಿದು ಅರ್ಧ ದಿನ ಹೋಗಬೇಕಾದ ನಮ್ಮ ಜನ ಈ ಆಟವನ್ನು ಯಾಕೆ ಅಷ್ಟು ಹಚ್ಚಿಕೊಂಡರೋ ಗೊತ್ತಿಲ್ಲ.

ಆ ವರ್ಷ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ದೋಣಿ ಆಟದ ಎರಡನೇ ಪಾರ್ಟು ಬರುತ್ತದೆ ಅಂತ ಸುದ್ದಿಯಾಯಿತು. ಬಿಡುಗಡೆ ಆಗಸ್ಟಿನಲ್ಲಿ. ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಕಡೆಯ ರಮೇಶ ಫೋನ್ ಮಾಡಿದ.

"ಮೇಡಂ, ಎಷ್ಟು ಪೀಸ್ ಅಂತ ಈಗಲೇ ಹೇಳಬೇಕು. ಈ ಸಲ ವಾಪಸ್ ತಗೊಳಲ್ಲ ಅಂದಿದ್ದಾರೆ. ಹೆಡ್ಡಾಫೀಸಿನ ಕಂಪ್ಯೂಟರ್ ಅಂದಾಜಿನಲ್ಲಿ ನಿಮ್ಮೂರಿಗೆ ಆರು ಬಂದಿದೆ."

"ಆರಾ? ಮೊದಲನೇದನ್ನ ನಾನು ಎಷ್ಟು ಮಾರಿದೀನಿ ನೋಡಿದ್ದಾರಾ?"

"ಅದು ಹಳೇದು ಮೇಡಂ. ಈಗ ಜನ ಮನೇಲಿ ಕೂತು ನೇರ ಡೌನ್‌ಲೋಡ್ ಮಾಡ್ಕೋತಾರೆ. ಅಂಗಡಿಗೆ ಬಂದು ಡಿಸ್ಕ್ ಯಾರು ತಗೋತಾರೆ ಹೇಳಿ?"

ಬೆಂಗಳೂರಿನಲ್ಲಿ ಕೂತವನಿಗೆ ಹಾಗೆ ಅನ್ನಿಸುವುದು ಸಹಜ. ಆಟ ಒಂದನ್ನು ಇಳಿಸಬೇಕೆಂದರೆ ನೆಟ್ಟೇ ನಿಲ್ಲದ ಬಿಸಿಲೆಯಲ್ಲೋ ಹೆತ್ತೂರಿನ ಆಚೆಯೋ ಒಂದು ತಿಂಗಳು ಕಾಯಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಡಿಸ್ಕ್ ಇದ್ದರೆ ಆ ತಾಪತ್ರಯವೇ ಇಲ್ಲ. ಹದಿನೈದು ದಿನ ಸಮಯ ಕೊಡು ಅಂದೆ.

ಚಿಕ್ಕಪ್ಪ ಟೀವಿಯೊಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಎಲ್ಲ ಕೇಳಿಸಿಕೊಂಡು ಹೇಳಿದರು, "ವೇಣಿ, ನಾನು ನಿಂಗೆ ಯಾವತ್ತೂ ಅಡ್ಡಿ ಮಾಡಿಲ್ಲ. ಆದ್ರೆ ಹೋದ ವರ್ಷ ತರ್ಸಿದ್ದ ಆ ಕಾರಿನ ಆಟ ಇನ್ನೂ ಹಂಗೇ ಬಿದ್ದೈತೆ. ಈ ಸಲನೂ ಹಂಗೇ ಆದ್ರೆ, ಆ ಎರಡು ಶೆಲ್ಫಿಗೆ ಗೀಸರು, ಇಂಡಕ್ಷನ್ ಒಲೆ ಇಡೋಣ. ಹೋಂಸ್ಟೇಯೋರು ದಿನಾ ಕೇಳ್ತಾರೆ."

ಸಿಟ್ಟಿನಲ್ಲಿ ಹೇಳಿದ್ದಲ್ಲ, ಬೈದದ್ದೂ ಅಲ್ಲ. ಅದಕ್ಕೇ ನನಗೆ ಹೆಚ್ಚು ತಟ್ಟಿತು. ಆ ಅಂಗಡಿಯಲ್ಲಿ ಅಪ್ಪನದಲ್ಲದ, ಚಿಕ್ಕಪ್ಪನದಲ್ಲದ, ನನ್ನದೇ ಅಂತ ಇದ್ದದ್ದು ಆ ಎರಡು ಶೆಲ್ಫು ಮಾತ್ರ.

ಮರುದಿನದಿಂದ ಅಂಗಡಿಗೆ ಬಂದವರನ್ನೆಲ್ಲ ಕೇಳತೊಡಗಿದೆ. ದೋಣಿ ಆಟದ ಎರಡನೇ ಪಾರ್ಟು ಬರ್ತಿದೆ, ತಗೋತೀರಾ? ಒಬ್ಬರೂ ಇಲ್ಲ ಅನ್ನಲಿಲ್ಲ. ಹನ್ನೆರಡು ಜನರನ್ನು ಕೇಳಿದೆ, ಹನ್ನೆರಡು ಜನವೂ ಹೂಂ ಅಂದರು. ನನಗೆ ನೂರು ಪೀಸ್ ತರಿಸುವಷ್ಟು ಧೈರ್ಯ ಬಂತು.

ಆ ಧೈರ್ಯ ಇಳಿಸಿದವರು ರೈಟ್ರು. ಮಂಜೇಗೌಡರು ಅಂತ ಹೆಸರು. ದೋಣಿಗಲ್ ಹತ್ತಿರದ ಎಸ್ಟೇಟೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೈಟರ್ ಆಗಿದ್ದವರು. ಆಳುಗಳ ಹಾಜರಿ, ತೋಟದ ಕೆಲಸ, ಸ್ಟೋರು ಎಲ್ಲ ಅವರ ಕೈಯಲ್ಲಿತ್ತು. ನಿವೃತ್ತಿಯಾದ ಮೇಲೂ ಊರಿಗೆಲ್ಲ ಅವರು ರೈಟ್ರೇ. ಅವರೂ ಹೆಂಡತಿ ಜಯಮ್ಮನೂ ದೋಣಿಗಲ್ಲಿನಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡಿದ್ದರು. ಇಬ್ಬರಿಗೂ ಮಂಡಿ ನೋವು, ಮಳೆಗಾಲದಲ್ಲಿ ಹೊರಗೆ ಹೋಗುವ ಹಾಗಿಲ್ಲ. ಮಗಳು ತಂದುಕೊಟ್ಟ ಗೇಮ್ ಬಾಕ್ಸಿನಲ್ಲಿ ದೋಣಿ ಆಟದ ಮೊದಲನೇ ಪಾರ್ಟನ್ನು ನಾಲ್ಕು ಸಲ ಆಡಿ ಮುಗಿಸಿದ್ದರು. "ಅವಳು ದೋಣಿ ನಡೆಸ್ತಾಳೆ, ನಾನು ಕಾಗದ ಹಂಚ್ತೀನಿ. ಜೀವನದಲ್ಲೂ ಹಂಗೇ ಇತ್ತು" ಅಂತ ನಗುತ್ತಿದ್ದರು.

ನನ್ನ ಹನ್ನೆರಡಕ್ಕೆ ಹನ್ನೆರಡರ ಕತೆ ಕೇಳಿ ರೈಟ್ರು ತಲೆ ಆಡಿಸಿದರು. "ಅಲ್ಲ ಕಣವ್ವ, ಅಂಗಡಿ ಒಳಕ್ಕೆ ಬಂದೋರ್ನೆ ಕೇಳಿದ್ರೆ ಹೂಂ ಅನ್ದೆ ಇನ್ನೇನಂತಾರೆ? ನಾವು ತೋಟದಲ್ಲಿ ಫಸಲಿನ ಅಂದಾಜು ಹಾಕ್ತಿದ್ವಲ್ಲ, ರಸ್ತೆ ಪಕ್ಕದ ಗಿಡ ಲೆಕ್ಕಕ್ಕೆ ತಗೊಳಂಗಿಲ್ಲ. ಅದಕ್ಕೆ ಬಿಸಿಲು ಜಾಸ್ತಿ, ಕಾಯಿ ಜಾಸ್ತಿ. ಅದನ್ನ ನೋಡ್ಕಂಡು ಸಾಹುಕಾರ್ರಿಗೆ ಅಂದಾಜು ಕೊಟ್ರೆ ಕೊಯ್ಲಿನಾಗೆ ಮುಖ ತೋರ್ಸಂಗಿರಲ್ಲ."

"ಮತ್ತೆ ಹೆಂಗೆ ಹಾಕ್ತಿದ್ರಿ?"

"ತೋಟದ ಒಳಕ್ಕೆ ಇಳೀಬೇಕು. ಇಷ್ಟು ಸಾಲಿಗೊಂದು ಸಾಲು, ಅದರಲ್ಲಿ ಇಷ್ಟು ಗಿಡಕ್ಕೊಂದು ಗಿಡ ಅಂತ ಮೊದ್ಲೇ ಗೊತ್ತು ಮಾಡ್ಕಬೇಕು. ಆ ಗಿಡ ಒಣಗಿದ್ರೂ ಅದನ್ನೇ ಎಣಿಸ್ಬೇಕು, ಪಕ್ಕದ ಗಿಡ ಚೆನ್ನಾಗೈತೆ ಅಂತ ಅದಕ್ಕೆ ಹೋಗಂಗಿಲ್ಲ. ಆಮೇಲೆ ಉದುರೋದು ಕಳೀಬೇಕು. ಈಗ ಗಿಡದಾಗಿರೋ ಕಾಯೆಲ್ಲ ಕೊಯ್ಲಿನ ಹೊತ್ಗೆ ಇರ್ತದಾ? ಮಳೆಗೆ ಮೂರರಲ್ಲಿ ಒಂದು ಉದುರ್ತದೆ ಅಂತ ಇಟ್ಕ."

ಅವರು ಹೇಳಿದ ಹಾಗೇ ಮಾಡಿದೆ. ನಮ್ಮಲ್ಲಿ ಗೇಮ್ ಬಾಕ್ಸು, ಆಟ ಕೊಂಡವರ, ರಿಪೇರಿಗೆ ಕೊಟ್ಟವರ ಹೆಸರು ಬರೆದ ಪುಸ್ತಕವೊಂದಿತ್ತು. ಇನ್ನೂರು ಹೆಸರು. ಐದಕ್ಕೊಂದರಂತೆ ಗೀಟು ಹಾಕಿದರೆ ನಲವತ್ತು ಜನ. ಅವರನ್ನೇ, ಅವರನ್ನು ಮಾತ್ರ ಕೇಳಬೇಕು. ಫೋನಿಗೆ ಸಿಕ್ಕವರನ್ನು ಫೋನಿನಲ್ಲಿ ಕೇಳಿದೆ. ಸಿಗದವರನ್ನು ಹುಡುಕಿಕೊಂಡು ಹೋದೆ. ಆರಿದ್ರ ಮಳೆ ಜೋರಾಗಿತ್ತು. ಭಾನುವಾರ ಗಂಡನ ಸ್ಕೂಟರಿನ ಹಿಂದೆ ರೈನ್‌ಕೋಟು ಹಾಕಿಕೊಂಡು ಕೂತು, ಪ್ಲಾಸ್ಟಿಕ್ ಕವರಿನೊಳಗೆ ಆ ಪುಸ್ತಕ ಇಟ್ಟುಕೊಂಡು ತಿರುಗಿದ್ದು ಈಗ ನೆನೆದರೆ ನಗು ಬರುತ್ತದೆ. ನನ್ನ ಗಂಡ ದಾರಿಯುದ್ದಕ್ಕೂ, "ಜನಗಣತಿ ಡ್ಯೂಟಿಗಿಂತ ಇದು ಕಷ್ಟ ಮಾರಾಯ್ತಿ" ಅನ್ನುತ್ತಿದ್ದರು.

ಎಷ್ಟೋ ಕಡೆ ನಿರಾಸೆಯಾಯಿತು. ಒಬ್ಬರು ಗೇಮ್ ಬಾಕ್ಸನ್ನೇ ಮಾರಿಬಿಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಅದರ ಮೇಲೆ ಬಾಳೆಹಣ್ಣಿನ ತಟ್ಟೆ ಇಟ್ಟಿದ್ದರು. ಮಗ್ಗೆಯಲ್ಲಿ ಶುಂಠಿ ಬೆಳೆಯುವ ಅಣ್ಣತಮ್ಮಂದಿರು. ಪಾಲಾಗಿ ಎರಡು ವರ್ಷ, ಮಾತಿಲ್ಲ. ನನ್ನ ಪುಸ್ತಕದಲ್ಲಿದ್ದದ್ದು ಅಣ್ಣನ ಹೆಸರು. ದೋಣಿ ಆಟ ಯಾರ ಜೊತೆ ಆಡ್ತೀರಿ ಅಂತ ಕೇಳಿದೆ. ಅವರು, "ತಮ್ಮನ ಜೊತೆ. ಭಾನ್ವಾರ ಬರ್ತಾನೆ" ಅಂದರು. ಮಾತಾಡ್ತೀರಾ ಅಂದೆ. "ಮಾತಿಲ್ಲ. ಆಡ್ತೀವಿ ಅಷ್ಟೆ." ಎರಡನೇ ಪಾರ್ಟಿನಲ್ಲೂ ಇಬ್ಬರು ಆಡಬಹುದಾದರೆ ತಗೊಳ್ತೀನಿ, ಇಲ್ಲದಿದ್ದರೆ ಬೇಡ ಅಂದರು.

ಇದನ್ನೇ ಬೇರೆ ಬೇರೆ ಮಾತಿನಲ್ಲಿ ಸುಮಾರು ಜನ ಹೇಳಿದರು. ಕಂಪೆನಿಯವರು ಆ ವಿಷಯದ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಅವರು ಬಿಟ್ಟಿದ್ದ ಎರಡು ನಿಮಿಷದ ಟ್ರೇಲರಿನಲ್ಲಿ ದೋಣಿಯಲ್ಲಿ ಒಬ್ಬಳೇ ಹುಡುಗಿ ಕೂತಿದ್ದಳು. ನಾನು ಅದನ್ನು ಹತ್ತು ಸಲ ನೋಡಿ ಎದೆ ಒಡೆದುಕೊಂಡಿದ್ದೆ. ರೈಟ್ರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಒಂದೇ ಸಲ ನೋಡಿದರು.

"ಹುಡುಗಿ ಒಬ್ಳೇ ಅವಳೆ. ದೋಣಿ ನೋಡವ್ವ. ಹುಟ್ಟು ಹಾಕೋ ಜಾಗ ಎರಡು ಜೊತೆ ಐತೆ. ಕೂರೋ ಹಲಗೆನೂ ಎರಡು. ಮೊದ್ಲಿನ ದೋಣೀಲೂ ಹಿಂಗೇ ಇತ್ತು. ಒಬ್ರಿಗೇ ಆಟ ಮಾಡೋನು ಇನ್ನೊಂದು ಹಲಗೆ ಯಾಕೆ ಬರೀತಾನೆ?"

ನಲವತ್ತರಲ್ಲಿ ಹದಿಮೂರು ಜನ ಹೂಂ ಅಂದಿದ್ದರು. ಇನ್ನೂರಕ್ಕೆ ಅರವತ್ತೈದಾಯಿತು. ಮೂರರಲ್ಲೊಂದು ಉದುರಿದರೆ ನಲವತ್ತಮೂರು. ನಾನು ನಲವತ್ತು ಅಂತ ಹಾಳೆಯಲ್ಲಿ ದಪ್ಪಗೆ ಬರೆದೆ. ರಮೇಶನಿಗೆ ಹೇಳಿದಾಗ ಅವನು, "ಮೇಡಂ, ನಾಲ್ಕಾ, ನಲವತ್ತಾ?" ಅಂತ ಎರಡು ಸಲ ಕೇಳಿದ. ಚಿಕ್ಕಪ್ಪ ಸ್ಕ್ರೂ ಡ್ರೈವರ್ ಕೆಳಗಿಟ್ಟು ಹೊರಗೆ ಹೋಗಿ ಟೀ ಕುಡಿದು ಬಂದರು.

ಮುಂದಿನ ವಾರವೇ ಕಂಪೆನಿಯವರು ಪ್ರಕಟಿಸಿದರು, ಎರಡನೇ ಪಾರ್ಟಿನಲ್ಲೂ ಇಬ್ಬರು ಆಡಬಹುದು ಅಂತ. ನಾನು ಮಗ್ಗೆಗೆ ಫೋನ್ ಮಾಡಿ ಹೇಳಿದೆ. "ಸರಿ, ಒಂದು ಎತ್ತಿಡಿ" ಅಂದರು ಅಣ್ಣ. ಸುದ್ದಿ ತಾನಾಗಿಯೇ ಹಬ್ಬಿತು. ಪುನರ್ವಸು ಮಳೆ ಮುಗಿಯುವಷ್ಟರಲ್ಲಿ ನಲವತ್ನಾಲ್ಕು ಜನ ತಮಗೊಂದು ಎತ್ತಿಡಿ ಅಂದಿದ್ದರು. ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗಾಜಿನ ಮೇಲೆ ಇಳಿಯುವ ನೀರು ನೋಡುತ್ತಾ ಸುಮ್ಮಸುಮ್ಮನೆ ಖುಷಿಯಾಗಿರುತ್ತಿದ್ದೆ.

ಪುಷ್ಯ ಮಳೆಯಲ್ಲಿ ರಮೇಶನ ಫೋನ್ ಬಂತು. ಅವನ ದನಿಯೇ ಸಣ್ಣಗಾಗಿತ್ತು.

"ಮೇಡಂ, ಒಂದು ವಿಷಯ. ಈ ಸಲ ಡಬ್ಬೀಲಿ ಡಿಸ್ಕ್ ಇರಲ್ಲವಂತೆ. ಒಂದು ಚೀಟಿ ಇರುತ್ತೆ, ಅದರಲ್ಲಿ ಕೋಡ್. ಆ ಕೋಡ್ ಹಾಕಿ ಆಟಾನ ನೆಟ್ಟಿಂದ ಇಳಿಸ್ಕೋಬೇಕು."

"ಹಾಗಾದ್ರೆ ನನ್ನ ಆರ್ಡರ್ ಕಮ್ಮಿ ಮಾಡಿ."

"ಆಗಲ್ಲ ಮೇಡಂ. ವಾಪಸ್ ತಗೊಳಲ್ಲ ಅಂತ ಆಗಲೇ ಹೇಳಿದ್ನಲ್ಲ."

ನಾನು ಫೋನ್ ಇಟ್ಟು ಸ್ಟೂಲಿನ ಮೇಲೆ ಕೂತೆ. ನನ್ನ ಅಂದಾಜು ಪೂರ್ತಿ ನಿಂತಿದ್ದೇ ಡಿಸ್ಕಿನ ಮೇಲೆ. ನೆಟ್ಟಿಲ್ಲದ ಕಡೆಯವರೇ ನನ್ನ ಗಿರಾಕಿಗಳು. ಅವರಿಗೆ ಖಾಲಿ ಡಬ್ಬಿ ಮಾರಬೇಕಾಗಿತ್ತು. ಚಿಕ್ಕಪ್ಪನಿಗೆ ಹೇಳಿದೆ. ನೋಡಿದೆಯಾ ನಾನು ಮೊದಲೇ ಹೇಳಿದ್ದೆ ಅನ್ನುತ್ತಾರೆ ಅಂತ ಕಾದೆ. ಅವರು ಅನ್ನಲಿಲ್ಲ.

"ಈಗ ಹೇಳಿದ್ರೆ ಅರ್ಧ ಜನ ಬರಲ್ಲ" ಅಂದರು. "ಹೇಳ್ದೆ ಮಾರಿದ್ರೆ ಎಲ್ರೂ ವಾಪಸ್ ಬರ್ತಾರೆ, ಬಯ್ಯೋಕೆ. ನಿಂಗೆ ಯಾವುದು ಬೇಕು ನೋಡು ಮಗಾ."

ನಲವತ್ನಾಲ್ಕು ಜನಕ್ಕೂ ಫೋನ್ ಮಾಡಿದೆ. ಎರಡು ದಿನ ಹಿಡಿಯಿತು. ಕೆಲವರು ಪರವಾಗಿಲ್ಲ, ಮನೇಲಿ ಫೈಬರ್ ಲೈನ್ ಐತೆ ಅಂದರು. ಬಹಳ ಜನ, ಹೇಳಿದ್ದು ಒಳ್ಳೇದಾಯ್ತು, ನಮಗೆ ಬೇಡ ಬಿಡಿ ಅಂದರು. ಕೊನೆಗೆ ಉಳಿದದ್ದು ಹತ್ತೊಂಬತ್ತು. ಬೇಡ ಅಂದ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಅಡ್ಡಗೀಟು ಹಾಕುತ್ತಾ ಹೋದೆ.

ಬಿಸಿಲೆಯ ಸುಮಿತ್ರಾಗೆ ಮಾತ್ರ ಫೋನ್ ಸಿಗುತ್ತಿರಲಿಲ್ಲ. ಅವಳೂ ಗಂಡನೂ ಏಲಕ್ಕಿ, ಮೆಣಸಿನ ತೋಟದ ಜೊತೆ ಎರಡು ಕೋಣೆಯ ಹೋಂಸ್ಟೇ ನಡೆಸುತ್ತಿದ್ದರು. ಗೇಮ್ ಬಾಕ್ಸ್ ತಂದದ್ದು ಬರುವವರಿಗೆ ಅಂತ, ಹಚ್ಚಿಕೊಂಡದ್ದು ಮನೆಯವರು. ಮೂರನೇ ದಿನ ಅವಳೇ ಫೋನ್ ಮಾಡಿದಳು, ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ. ಹಿಂದಿನಿಂದ ಗಾಳಿಯ ಸದ್ದು ಕೇಳುತ್ತಿತ್ತು. ವಿಷಯ ಹೇಳಿದೆ.

"ಅಕ್ಕ, ಒಂದು ಫೋನ್ ಮಾಡಕ್ಕೆ ನಾನು ಇಷ್ಟು ದೂರ ಹತ್ತಿ ಬಂದಿವ್ನಿ. ಅಷ್ಟು ದೊಡ್ಡ ಆಟ ನಮ್ಮೂರಾಗೆ ಎಲ್ಲಿ ಇಳೀತದೆ?"

"ಅದಕ್ಕೇ ಹೇಳಿದ್ದು ಸುಮಿತ್ರಾ. ನೀನು ಬೇಡ ಅಂದ್ರೆ ನಂಗೇನೂ ಬೇಜಾರಿಲ್ಲ."

ಅವಳು ಕೇಳಿದಳು, "ನಿಮ್ಮ ಅಂಗಡೀಲಿ ನೆಟ್ ಐತಲ್ಲಕ್ಕ?"

"ಇದೆ. ಫೈಬರ್."

"ಮತ್ತೆ ನಾವು ಬಾಕ್ಸೇ ತಂದು ಇಟ್ಟೋಗ್ತೀವಿ. ನೀವೇ ಇಳಿಸಿ ಕೊಡಿ. ಮೆಣಸು ಮಿಲ್ಲಿಗೆ ಕೊಟ್ಟು ಪುಡಿ ಮಾಡಿಸ್ಕಂಡು ಬರಲ್ವಾ, ಹಂಗೆ."

ನನಗೆ ಯಾಕೆ ಹೊಳೆದಿರಲಿಲ್ಲವೋ. ಪುಸ್ತಕ ತೆಗೆದು, ಗೀಟು ಹಾಕಿದ ಹೆಸರಿಗೆಲ್ಲ ಮತ್ತೆ ಫೋನ್ ಮಾಡಿದೆ. ಬಾಕ್ಸ್ ತನ್ನಿ, ಇಳಿಸಿ ಕೊಡ್ತೀವಿ, ಅದಕ್ಕೇನೂ ಕೊಡಬೇಕಾಗಿಲ್ಲ. ನೋಡೋಣ ಅಂದರು ಎಲ್ಲರೂ. ನೋಡೋಣ ಅನ್ನುವುದು ನಮ್ಮ ಕಡೆ ಹೂಂ ಕೂಡ ಹೌದು, ಊಹೂಂ ಕೂಡ ಹೌದು. ಈ ಸಲ ನಾನು ಅಂದಾಜು ಹಾಕಲು ಹೋಗಲಿಲ್ಲ.

ಮಖೆ ಮಳೆಯಲ್ಲಿ ಡಬ್ಬಿಗಳು ಬಂದವು. ಮೊದಲ ದಿನ ಎಂಟು ಹೋದವು, ಕೊಂಡವರೆಲ್ಲ ಊರೊಳಗಿನವರು. ಎರಡನೇ ದಿನದಿಂದ ಬಾಕ್ಸುಗಳು ಬರತೊಡಗಿದವು. ಅವು ಬಂದ ರೀತಿ ನೋಡಬೇಕಿತ್ತು. ಕಾಫಿ ಚೀಲದಲ್ಲಿ ಸುತ್ತಿದ್ದು, ಟಾರ್ಪಾಲಿನಲ್ಲಿ ಕಟ್ಟಿದ್ದು, ಕುಕ್ಕರಿನ ರಟ್ಟಿನ ಡಬ್ಬಿಯಲ್ಲಿ ಇಟ್ಟದ್ದು, ಹಳೇ ಸ್ವೆಟರ್ ತೊಡಿಸಿದ್ದು. ವನಗೂರು ಕಡೆಯಿಂದ ಒಂದು ಬಸ್ಸಿನ ಕಂಡಕ್ಟರ್ ಕೈಯಲ್ಲೇ ಬಂತು. ಅವರು ಅದನ್ನು ಕೂಸಿನ ಹಾಗೆ ಹಿಡಿದುಕೊಂಡು ಬಂದು ಕೌಂಟರಿನ ಮೇಲಿಟ್ಟು, "ಸೀಟು ಕೊಟ್ಟು ಕೂರ್ಸಿದೀನಿ ಮೇಡಂ, ನೋಡ್ಕೊಳ್ಳಿ" ಅಂದರು. ಒಂದೊಂದು ಬಾಕ್ಸಿಗೂ ಐದಾರು ಗಂಟೆ ಬೇಕು. ಒಟ್ಟಿಗೆ ನಾಲ್ಕು ಮಾತ್ರ ಹಾಕಬಹುದು. ಉಳಿದವು ಸಾಲಾಗಿ ಕಾಯಬೇಕು.

ಇದನ್ನೆಲ್ಲ ನಾನೊಬ್ಬಳೇ ನಿಭಾಯಿಸಬೇಕು ಅಂತ ತಿಳಿದಿದ್ದೆ. ಚಿಕ್ಕಪ್ಪ ಮೊದಲ ದಿನ ದೂರದಿಂದ ನೋಡಿದರು. ಎರಡನೇ ದಿನ ಎರಡು ಬಾಕ್ಸ್ ಒದ್ದೆಯಾಗಿ ಬಂದವು. ಅವುಗಳನ್ನು ನಾನು ಪ್ಲಗ್ಗಿಗೆ ಹಾಕುವಷ್ಟರಲ್ಲಿ, "ತಡಿ, ತಡಿ, ಸುಟ್ಟೋಗ್ತದೆ" ಅಂತ ಓಡಿ ಬಂದು ಕಿತ್ತುಕೊಂಡರು. ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಟೇಬಲ್ ಲ್ಯಾಂಪಿನ ಕೆಳಗೆ ಒಣಗಿಸಿದರು. ಒಳಗಿನ ಕೆಲಸ ನೋಡಿ, "ಎಷ್ಟು ನೀಟಾಗಿ ಮಾಡವ್ನೆ ನೋಡು ಪುಣ್ಯಾತ್ಮ" ಅಂದರು. ಆಮೇಲೆ ಎಲ್ಲ ಬಾಕ್ಸಿಗೂ ರಟ್ಟಿನ ಚೂರು ಕತ್ತರಿಸಿ, ಹೆಸರು, ಊರು ಬರೆದು ದಾರ ಕಟ್ಟಿದರು. ಅವರ ಅಕ್ಷರ ದುಂಡಗೆ, ಚಂದ.

ನಾಲ್ಕನೇ ದಿನ ಬೆಳಿಗ್ಗೆ ದೋಣಿಗಲ್ ಹತ್ತಿರ ಮರ ಬಿದ್ದು ಕೇಬಲ್ಲು ಕಡಿಯಿತು. ನೆಟ್ ಇಲ್ಲ. ಅಂಗಡಿಯಲ್ಲಿ ಹನ್ನೊಂದು ಬಾಕ್ಸು. ಯಾವಾಗ ಸರಿಹೋಗುತ್ತೆ ಅಂದರೆ ಲೈನಿನವರಿಗೇ ಗೊತ್ತಿಲ್ಲ. ಅದೇ ಹೊತ್ತಿಗೆ ರೈಟ್ರೂ ಜಯಮ್ಮನೂ ಬಸ್ಸಿಳಿದು ಬಂದರು, ಕಂಬಳಿಯಲ್ಲಿ ಸುತ್ತಿದ ಬಾಕ್ಸಿನ ಜೊತೆ. ವಾಪಸ್ ಹೋಗಿ ಅಂದರೆ ಜಯಮ್ಮ ಒಪ್ಪಲಿಲ್ಲ. "ಬಂದದ್ದಾಯ್ತು, ಕೂತ್ಕತೀವಿ. ಮನೇಲಾದ್ರೂ ಕೂರೋದೇ ತಾನೆ" ಅಂದರು. ಇನ್ನೂ ಮೂರು ನಾಲ್ಕು ಜನ ಹಾಗೇ ಕೂತಿದ್ದರು. ಹೊರಗೆ ರಸ್ತೆ ಕಾಣದಷ್ಟು ಮಳೆ.

ಸುಮ್ಮನೆ ಕೂರಿಸುವುದು ಹೇಗೆ ಅಂತ ನಾನು ಅಂಗಡಿಯ ಟೀವಿಗೆ ಹಳೆಯ ದೋಣಿ ಆಟದ ಡಿಸ್ಕ್ ಹಾಕಿದೆ. ರೈಟ್ರು, ಜಯಮ್ಮ ಆಡತೊಡಗಿದರು. ಸ್ವಲ್ಪ ಹೊತ್ತಿಗೆ ರೈಟ್ರು ಬನ್ನು ತರುತ್ತೇನೆಂದು ಹೊರಗೆ ಹೋದರು. ಜಯಮ್ಮ ಸುತ್ತ ನೋಡಿ, ಗಂಡನ ಕಂಟ್ರೋಲರನ್ನು ಚಿಕ್ಕಪ್ಪನ ಕೈಗೆ ಕೊಟ್ಟರು.

"ನಂಗೆ ಬರಲ್ಲ ತಾಯಿ, ಇದೆಲ್ಲ" ಅಂದರು ಚಿಕ್ಕಪ್ಪ.

"ಯಾರಿಗೆ ಬರ್ತಿತ್ತು? ಇಳೀರಿ ಸ್ವಾಮಿ, ದಡ ಬಂತು. ಬಲಗಡೆ ಒತ್ತಿ. ಅದು ಎಡ. ಬಲ."

ಚಿಕ್ಕಪ್ಪ ನೀರಿಗೆ ಬಿದ್ದರು. ಕೂತವರೆಲ್ಲ ನಕ್ಕರು. ಎರಡನೇ ಸಲವೂ ಬಿದ್ದರು. ಮೂರನೇ ಸಲ ದಡ ಹತ್ತಿ, ನೀಲಿ ಬಾಗಿಲ ಮನೆ ಹುಡುಕಿ, ಕಾಗದ ಕೊಟ್ಟರು. ಒಳಗಿಂದ ಒಬ್ಬ ಮುದುಕ ಬಂದು ಅದನ್ನು ಎದೆಗೆ ಒತ್ತಿಕೊಂಡ. ಚಿಕ್ಕಪ್ಪ ಟೀವಿಯನ್ನೇ ನೋಡುತ್ತಿದ್ದರು. "ಏನು ಬರೆದಿತ್ತು ಅದ್ರಲ್ಲಿ?" ಅಂತ ಮೆಲ್ಲಗೆ ಕೇಳಿದರು. "ಅದು ಹೇಳಲ್ಲ ಕಣ್ರೀ. ಮುಂದಿನ ಊರಿಗೆ ಹೋಗ್ಬೇಕು" ಅಂದರು ಜಯಮ್ಮ. ರೈಟ್ರು ಬನ್ನು ತಂದಾಗ ಅವರ ಜಾಗ ಹೋಗಿತ್ತು. ಅವರು ನನ್ನ ಪಕ್ಕ ಕೂತು ಒಬ್ಬರೇ ಎರಡು ಬನ್ನು ತಿಂದರು.

ಮರುದಿನ ಮಧ್ಯಾಹ್ನ ಲೈನು ಬಂತು. ಅಷ್ಟರಲ್ಲಿ ಆಚೀಚೆ ಅಂಗಡಿಯವರು, ಬಸ್ಸಿಗೆ ಕಾಯುವವರು ಎಲ್ಲ ಬಂದು ನಿಂತು ನೋಡಿ ಹೋಗಿದ್ದರು. ಅವರಲ್ಲಿ ಮೂವರು ಒಂದೊಂದು ಡಬ್ಬಿ ಕೊಂಡರು. ನನ್ನ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಬರುತ್ತೇನೆಂದಿದ್ದ ಎಷ್ಟೋ ಜನ ಬರಲೇ ಇಲ್ಲ. ಮಗ್ಗೆಯಿಂದ ಅಣ್ಣ ಬರುತ್ತಾರೆ ಅಂದುಕೊಂಡಿದ್ದೆ, ತಮ್ಮ ಬಂದರು. "ಅಣ್ಣ ಕಳ್ಸಿದ" ಅಂದರು. ಕಳ್ಸಿದ ಅಂದರೆ ಮಾತಾಡಿದ್ದಾರೆ ಅಂತಾಯಿತು; ನಾನು ಕೇಳಲು ಹೋಗಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಮೂವತ್ತೆಂಟು ಹೋಗಿದ್ದವು. ಹಬ್ಬದ ಹಿಂದಿನ ದಿನ ಚಿಕ್ಕಪ್ಪ ಮನೆಗೆ ಹೊರಟವರು ಒಂದು ಡಬ್ಬಿ ಎತ್ತಿ ಚೀಲಕ್ಕೆ ಹಾಕಿಕೊಂಡರು. "ನಿಮ್ಮ ಚಿಕ್ಕಮ್ಮಂಗೆ" ಅಂದರು, ನನ್ನ ಮುಖ ನೋಡದೆ. ಮೂವತ್ತೊಂಬತ್ತು. ರೈಟ್ರಿಗೆ ಹೇಳಿದಾಗ ಅವರು ಯೋಚನೆ ಮಾಡಿ, "ಲೆಕ್ಕ ಸರಿಯಾಯ್ತು, ಆದ್ರೆ ಲೆಕ್ಕ ಹಾಕಿದ ದಾರಿ ತಪ್ಪು ಕಣವ್ವ. ಉದುರ್ತದೆ ಅಂದಿದ್ದು ನಿಂತೈತೆ, ನಿಲ್ತದೆ ಅಂದಿದ್ದು ಉದುರೈತೆ" ಅಂದರು. ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಗೀಸರಿನ ಮಾತನ್ನು ಚಿಕ್ಕಪ್ಪ ಮತ್ತೆ ಎತ್ತಲಿಲ್ಲ.

ಮಳೆ ಹಿಂದಾದ ಮೇಲೆ ಒಂದು ಭಾನುವಾರ ಸುಮಿತ್ರಾ ಊಟಕ್ಕೆ ಕರೆದಳು. ನಾನೂ ಗಂಡನೂ ಬಿಸಿಲೆಗೆ ಹೋದೆವು. ಕಾಡಿನ ಮೇಲೆ ಬಿಸಿಲು ಬಿದ್ದು ಎಲ್ಲ ಕಡೆಯಿಂದ ಆವಿ ಏಳುತ್ತಿತ್ತು. ಅಕ್ಕಿರೊಟ್ಟಿ, ಕೆಸುವಿನ ಪಲ್ಯ, ಏಲಕ್ಕಿ ಹಾಕಿದ ಪಾಯಸ. ಊಟ ಮುಗಿಸಿ ನಡುಮನೆಗೆ ಬಂದರೆ ಅಲ್ಲಿ ಜನವೇ ಜನ. ಸುಮಿತ್ರಾಳ ಗಂಡ, ಓರಗಿತ್ತಿ, ಪಕ್ಕದ ಮನೆಯ ಇಬ್ಬರು ಹೆಂಗಸರು, ಫಾರೆಸ್ಟ್ ಗಾರ್ಡ್ ಒಬ್ಬರು, ಎಲ್ಲರೂ ಚಾಪೆಯ ಮೇಲೆ ಟೀವಿಯ ಕಡೆ ಮುಖ ಮಾಡಿ ಕೂತಿದ್ದರು. ನಡುವೆ ಮಣೆಯ ಮೇಲೆ ಸುಮಿತ್ರಾಳ ಅತ್ತೆ. ಎಪ್ಪತ್ತು ದಾಟಿದ ಹೆಂಗಸು. ಕೈಯಲ್ಲಿ ಕಂಟ್ರೋಲರು.

ಇಡೀ ಮಳೆಗಾಲ ನಾನು ಡಬ್ಬಿ ಎಣಿಸಿದ್ದೆ. ಈ ಮನೆಯನ್ನು ನನ್ನ ಹಾಳೆಯಲ್ಲಿ ಒಂದು ಅಂತ ಬರೆದುಕೊಂಡಿದ್ದೆ. ಬಾಗಿಲಲ್ಲಿ ನಿಂತು ತಲೆ ಎಣಿಸಿದೆ. ಏಳು. ನಮ್ಮಿಬ್ಬರನ್ನು ಸೇರಿಸಿದರೆ ಒಂಬತ್ತು.

"ಬಾ ಕಣವ್ವ, ಕೂತ್ಕ" ಅಂತ ಅಜ್ಜಿ ಪಕ್ಕದಲ್ಲಿ ಜಾಗ ಮಾಡಿ ಇನ್ನೊಂದು ಕಂಟ್ರೋಲರನ್ನು ನನ್ನ ಕೈಗಿತ್ತರು. ನಾಚಿಕೆಯ ಮಾತು, ಆ ಆಟವನ್ನು ಅಷ್ಟು ಜನಕ್ಕೆ ಮಾರಿದ ನಾನು ಇನ್ನೊಬ್ಬರ ಜೊತೆ ಕೂತು ಒಂದು ಸಲವೂ ಆಡಿರಲಿಲ್ಲ. ದೋಣಿ ಒಂದು ದ್ವೀಪದ ಹತ್ತಿರ ಬರುತ್ತಿತ್ತು. ದಡದಲ್ಲಿ ಯಾರೋ ಕೈ ಬೀಸುತ್ತಿದ್ದರು.

"ಇಳೀಬೇಕಾ ಅಜ್ಜಿ? ಕಾಗದ ಕೊಡ್ಬೇಕಲ್ಲ?" ಅಂದೆ.

"ಆಮೇಲೆ ಕೊಟ್ರಾಯ್ತು" ಅಂದರು ಅಜ್ಜಿ. ದೋಣಿಯನ್ನು ದ್ವೀಪದಿಂದ ಆಚೆಗೆ, ಖಾಲಿ ನೀರಿನ ಕಡೆಗೆ ತಿರುಗಿಸಿದರು. "ನಾನು ಸಮುದ್ರ ನೋಡಿಲ್ಲ ಕಣವ್ವ. ಇನ್ನೊಂಚೂರು ದೂರ ಹೋಗಿ ಬರಾನ."

ನಾನು ಹುಟ್ಟು ಹಾಕತೊಡಗಿದೆ.